ದೊಡ್ಡ ಟೆಕ್ ಕಂಪನಿಯಲ್ಲಿ ಎಂಟು ವರ್ಷ: ಬದಿಯಡ್ಕದವನ ವಿಮರ್ಶೆ

ಅಮೆರಿಕದ ದೊಡ್ಡ ಸಾಫ್ಟ್‌ವೇರ್ ಕಂಪನಿ, ಆಫೀಸು ಬೆಂಗಳೂರಿನಲ್ಲಿ. ಹೆಸರು ಬೇಡ. 2017ರಲ್ಲಿ ಸೇರಿದೆ. ನಮ್ಮ ಕಾಸರಗೋಡಿನ ಕಡೆಯ ಹುಡುಗರು "ಅಲ್ಲಿ ಹೇಗುಂಟು?" ಅಂತ ಕೇಳ್ತಾ ಇರ್ತಾರೆ, ಅವರಿಗಾಗಿ ಬರೆಯುತ್ತಿದ್ದೇನೆ. 5ಕ್ಕೆ 3.5 ಕೊಡುತ್ತೇನೆ.

ಸಂಬಳದ ಸುದ್ದಿ ಎಲ್ಲರೂ ಮಾತಾಡುತ್ತಾರೆ, ಇನ್ಶೂರೆನ್ಸ್ ಬಗ್ಗೆ ಯಾರೂ ಹೇಳುವುದಿಲ್ಲ. 2022ರಲ್ಲಿ ಅಪ್ಪನಿಗೆ ಎದೆನೋವು ಬಂತು. ದೊಡ್ಡ ಆಸ್ಪತ್ರೆ ಅಂದರೆ ನಮಗೆ ಮಂಗಳೂರೇ ಅಲ್ವಾ, 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ತಲಪಾಡಿಯ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ಅದು ಎಷ್ಟು ಮುಖ್ಯ ಅಂತ ನಮ್ಮವರಿಗೆಲ್ಲ ಗೊತ್ತಾಗಿದೆ. ಎರಡು ಸ್ಟೆಂಟ್ ಹಾಕಿದರು. ಅಪ್ಪ ಅಮ್ಮ ಇಬ್ಬರೂ ಕಂಪನಿಯ ಪಾಲಿಸಿಯಲ್ಲಿ ಇದ್ದರು, ಕ್ಯಾಶ್‌ಲೆಸ್ ಆಯಿತು. ಅಡಿಕೆ ಮಾರಿ ದುಡ್ಡು ಹೊಂದಿಸಬೇಕಾಗಿ ಬರಲಿಲ್ಲ. ಆ ಋಣ ನನಗೆ ಉಂಟು.

ಕಲಿಯಲಿಕ್ಕೂ ಒಳ್ಳೆಯ ಜಾಗ. ನಾನು ಹತ್ತನೆಯವರೆಗೆ ಕನ್ನಡ ಮೀಡಿಯಂ. ಮೊದಲ ವರ್ಷ ಮೀಟಿಂಗಿನಲ್ಲಿ ಬಾಯಿ ಬಿಟ್ಟದ್ದೇ ಇಲ್ಲ. ಆದರೆ ಕೋಡ್ ರಿವ್ಯೂ (ನಾನು ಬರೆದ ಕೋಡಿನ ಪರಿಶೀಲನೆ) ಮಾಡುವಾಗ ಸೀನಿಯರ್ ಒಬ್ಬರು ಸಾಲು ಸಾಲಿಗೂ "ಯಾಕೆ ಹೀಗೆ?" ಅಂತ ಬರೆದು ಕೇಳುತ್ತಿದ್ದರು. ಉತ್ತರ ಬರೆದು ಬರೆದೇ ಕೆಲಸವೂ ಬಂತು, ಇಂಗ್ಲಿಷೂ ಬಂತು.

ಇನ್ನು ಆನ್‌ಕಾಲ್, ಅಂದರೆ ಸರ್ವಿಸ್ ಕೆಟ್ಟರೆ ಯಾವ ಹೊತ್ತಿಗಾದರೂ ಎದ್ದು ಸರಿಮಾಡುವ ಸರದಿ. ನಿಮ್ಮ ವಾರ ಬಂದರೆ ರಾತ್ರಿ ಹಗಲು ಫೋನ್ ತಲೆಯ ಹತ್ತಿರವೇ ಇರಬೇಕು. 2023ರ ಜುಲೈಯಲ್ಲಿ ಊರಿನಲ್ಲಿದ್ದೆ. ರಾತ್ರಿ ಎರಡೂಕಾಲಿಗೆ ಅಲರ್ಟ್ ಬಂತು, ಜೋರು ಮಳೆ, ಕರೆಂಟಿಲ್ಲ, ಇಂಟರ್ನೆಟ್ ಹೋಗಿದೆ, ಜಗಲಿಯ ಒಂದು ಮೂಲೆಯಲ್ಲಿ ಮಾತ್ರ ಮೊಬೈಲಿಗೆ ಎರಡು ಕಡ್ಡಿ ಸಿಗ್ನಲ್. ಲ್ಯಾಪ್‌ಟಾಪಿಗೆ ಎರಚಲು ಹೊಡೆಯದ ಹಾಗೆ ಅಮ್ಮ ಕೊಡೆ ಹಿಡಿದು ನಿಂತಿದ್ದಳು. ನಲವತ್ತು ನಿಮಿಷ. ಹಿಂದಿನ ಸಂಜೆಯ ರಿಲೀಸನ್ನು (ಹೊಸದಾಗಿ ಹಾಕಿದ ಕೋಡನ್ನು) ವಾಪಸ್ ತೆಗೆದ ಮೇಲೆ ಸರ್ವಿಸ್ ಎದ್ದಿತು. ಆ ವರ್ಷ ನನಗೆ ಸಿಕ್ಕ ರೇಟಿಂಗ್ ಸಾಧಾರಣ. "ನಿನ್ನ ಕೆಲಸ ಚೆನ್ನಾಗಿದೆ, ಆದರೆ ಟೀಮಿಗೆ ಇಷ್ಟೇ ಮೇಲಿನ ರೇಟಿಂಗ್" ಅಂದರು ಮ್ಯಾನೇಜರ್. ಅದು ನನಗೆ ಇವತ್ತಿಗೂ ನೋವು. ಒಳ್ಳೆಯ ಕೆಲಸಗಾರರು ಐದು ಜನ ಇದ್ದರೆ ಐವರಿಗೂ ಕೊಡಬೇಕು.

ಷೇರು ಕೊಡುತ್ತಾರೆ, ನನ್ನದು ನಾಲ್ಕು ವರ್ಷಕ್ಕೆ ಹಂಚಿ ಬಂತು. ಕೈಗೆ ಬಂದ ದಿನವೇ ಅದನ್ನು ಸಂಬಳ ಅಂತ ಲೆಕ್ಕ ಹಿಡಿದು ತೆರಿಗೆ ಹಾಕುತ್ತಾರೆ, ಮಾರಿದಾಗ ಲಾಭ ಬಂದರೆ ಅದಕ್ಕೆ ಬೇರೆ. ವಿದೇಶಿ ಷೇರು ಇಟ್ಟುಕೊಂಡವರು ಆದಾಯ ತೆರಿಗೆ ರಿಟರ್ನ್‌ನಲ್ಲಿ ಷೆಡ್ಯೂಲ್ ಎಫ್‌ಎ (ವಿದೇಶಿ ಆಸ್ತಿಯ ವಿವರ ಕೊಡುವ ಭಾಗ) ತುಂಬಲು ಮರೆಯಬೇಡಿ.

ಈಗ ವಾರಕ್ಕೆ ಮೂರು ದಿನ ಆಫೀಸಿಗೆ ಹೋಗಲೇಬೇಕು. ಊರಿಗೆ ಹೋಗಿಬರಲು ಕಣ್ಣೂರು ರೈಲೇ ಗತಿ, ಮಳೆಗಾಲದಲ್ಲಿ ಸಕಲೇಶಪುರದ ಘಾಟಿಯಲ್ಲಿ ಗುಡ್ಡ ಜರಿದರೆ ಅದೂ ಇಲ್ಲ.

ಸೇರುವವರು ಇಂಟರ್‌ವ್ಯೂನಲ್ಲಿ ಒಂದು ವಿಷಯ ಕೇಳಿಯೇ ಕೇಳಿ: ಆನ್‌ಕಾಲ್ ಸರದಿಯಲ್ಲಿ ಎಷ್ಟು ಜನ ಇದ್ದಾರೆ? ನಾನು ಕೇಳಿರಲಿಲ್ಲ. ನಾವು ನಾಲ್ಕೇ ಜನ ಇದ್ದೆವು, ತಿಂಗಳಿಗೊಂದು ವಾರ ನಿದ್ದೆ ಇಲ್ಲ. ಹೋದ ವರ್ಷ ಟೀಮ್ ಬದಲಾಯಿಸಿದೆ, ಇಲ್ಲಿ ಒಂಬತ್ತು ಜನ ಇದ್ದೇವೆ.