ಯಮಹಾ ಆರ್‌ಎಕ್ಸ್ ಬೈಕಿನ ಫೋರ್ಕ್ (ಮುಂದಿನ ಶಾಕ್ ಅಬ್ಸಾರ್ಬರ್) ಬಿಚ್ಚೋ ಹೋಮ್‌ಮೇಡ್ ಟೂಲ್ ಅಂತ ಯಾರಾದ್ರೂ ಮಾರಿದ್ರೆ ತಗೋಬೇಡಿ, ನಂದು 3200 ಹೋಯ್ತು, ಫೋರ್ಕ್ ಪೈಪೂ ಹೋಯ್ತು

ಬರೀಬೇಕೋ ಬೇಡ್ವೋ ಅಂತ ನಾಕು ದಿನ ಯೋಚನೆ ಮಾಡ್ದೆ. ಹೇಳ್ಕೊಳ್ಳೋಕೇ ನಾಚಿಕೆ ಆಗುತ್ತೆ, ಹದಿನೈದು ವರ್ಷದಿಂದ ಮನೇಲೇ ಸ್ಪ್ಯಾನರ್ ಹಿಡಿಯೋನು ನಾನು, ಕಾರ್ಬ್ಯುರೇಟರ್ ಬಿಚ್ತೀನಿ, ಕ್ಲಚ್ ಪ್ಲೇಟ್ ಹಾಕ್ತೀನಿ, ಆದ್ರೂ ಮೋಸ ಹೋದೆ. ಆದ್ರೆ ನಂಗೆ ಟೂಲ್ ಮಾರಿದ ಮನುಷ್ಯ ಮೊನ್ನೆ ಇನ್ನೊಂದು ಗ್ರೂಪಲ್ಲಿ ಅದೇ ಟೂಲಿನ ಫೋಟೋ ಹಾಕಿ "ಲಿಮಿಟೆಡ್ ಪೀಸ್" ಅಂತ ಬರೆದಿದ್ದು ನೋಡ್ದೆ, ಅವಾಗ ಸುಮ್ನಿರೋಕೆ ಆಗ್ಲಿಲ್ಲ.

ಗಾಡಿ ನಮ್ಮಪ್ಪಂದು, 1994ರ ಆರ್‌ಎಕ್ಸ್ 100. ಈ ಮಾಡೆಲ್ ತಯಾರಿಕೆ ನಿಂತಿದ್ದೇ 1996ರಲ್ಲಿ, ಅಂದ್ರೆ ಈಗ ಉಳಿದಿರೋ ಯಾವ ಆರ್‌ಎಕ್ಸ್ 100 ತಗೊಂಡ್ರೂ ಫೋರ್ಕ್ ಒಳಗಿನ ಬೋಲ್ಟಿಗೆ ಇಪ್ಪತ್ತೆಂಟು ವರ್ಷಕ್ಕಿಂತ ಕಮ್ಮಿ ವಯಸ್ಸಿಲ್ಲ, ನಡುವೆ ಯಾರೂ ಬಿಚ್ಚಿಲ್ಲ ಅಂದ್ರೆ ಕಚ್ಕೊಂಡು ಕೂತಿರುತ್ತೆ. ನಂದು ಎಡಗಡೆ ಸೀಲ್ (ಆಯಿಲ್ ತಡೆಯೋ ರಬ್ಬರ್ ರಿಂಗ್) ಹೋಗಿ ಆಯಿಲ್ ಸೋರ್ತಿತ್ತು, ಬ್ರೇಕ್ ಡ್ರಮ್ ತನಕ ಜಿಡ್ಡು. ಸೀಲ್ ಹಾಕ್ಬೇಕು ಅಂದ್ರೆ ಪೈಪನ್ನ ಬಾಟಮ್‌ನಿಂದ (ಕೆಳಗಿನ ಹೊರಕವಚ) ಬೇರೆ ಮಾಡ್ಬೇಕು, ಅದಕ್ಕೆ ಕೆಳಗಿನ ಅಲೆನ್ ಬೋಲ್ಟ್ ಬಿಚ್ಬೇಕು, ಬಿಚ್ಚೋಕೆ ಹೋದ್ರೆ ಆ ಬೋಲ್ಟ್ ಸೇರ್ಕೊಂಡಿರೋ ಒಳಗಿನ ಸಲಾಕೆ, ಡ್ಯಾಂಪರ್ ರಾಡ್ ಅಂತಾರೆ, ಬೋಲ್ಟ್ ಜೊತೆಗೇ ಗರಗರ ತಿರುಗುತ್ತೆ. ಮಾಡಿದೋರಿಗೆ ಗೊತ್ತು ಆ ಸಂಕಟ. ಮೇಲಿಂದ ಉದ್ದ ಟೂಲ್ ಇಳಿಸಿ ರಾಡ್ ತಲೆ ಹಿಡ್ಕೋಬೇಕು, ಅವಾಗ್ಲೇ ಕೆಳಗೆ ಬೋಲ್ಟ್ ಬರೋದು. ಆ ಟೂಲ್ ನಮ್ಮೂರಲ್ಲಿ ಯಾವ ಅಂಗಡೀಲೂ ಸಿಗಲ್ಲ, ಎಲ್ಲರೂ ಅವರವರೇ ಮಾಡ್ಕೊಳ್ಳೋದು.

ನಾನೂ ಮಾಡ್ಕೋಬೇಕಿತ್ತು. ರಾಡ್ ತಂದೂ ಇಟ್ಟಿದ್ದೆ. ಅಷ್ಟರಲ್ಲಿ ವಾಟ್ಸಾಪ್ ಗ್ರೂಪಲ್ಲಿ ಈ ಫೋಟೋ ಬಂತು. ದಪ್ಪ ಕಬ್ಬಿಣದ ರಾಡು, ತುದೀಲಿ ನೀಟಾಗಿ ಕಡೆದಿರೋ ತಲೆ, ಮೇಲೆ ಟಿ ಹ್ಯಾಂಡಲ್, ಜೊತೆಗೆ ಸೀಲ್ ಕೂರಿಸೋಕೆ ಎರಡು ಹೋಳಿನ ಡ್ರೈವರ್. ಮೆಸೇಜ್ ಹಾಕ್ದೆ. "ಅಣ್ಣಾ ನಾನೂ ಆರ್‌ಎಕ್ಸ್ ಹುಚ್ಚನೇ, ಲಾಭಕ್ಕೆ ಮಾಡ್ತಿಲ್ಲ, ನಮ್ಮಂಥೋರಿಗೆ ಹೆಲ್ಪ್ ಆಗ್ಲಿ ಅಂತ" ಅಂದ. ಸಾಲಿಡ್ ಇಎನ್8 (ಗಟ್ಟಿ ಉಕ್ಕಿನ ಒಂದು ಗ್ರೇಡ್) ರಾಡಾ ಅಂತ ಕೇಳ್ದೆ, "ಹೂಂ ಅಣ್ಣಾ ಪಕ್ಕಾ ಇಎನ್8, ಲೇತಲ್ಲಿ ಮಾಡ್ಸಿದ್ದು" ಅಂದ. ಎರಡೂ ಸೇರಿ 3200, ಪೂರ್ತಿ ಅಡ್ವಾನ್ಸ್. ಅರ್ಧ ಈಗ ಅರ್ಧ ಬಂದ್ಮೇಲೆ ಅಂದಿದ್ದಕ್ಕೆ "ನಂಬಿಕೆ ಇಲ್ವಾ ಅಣ್ಣಾ" ಅಂದ. ಆ ಮಾತಿಗೆ ಯುಪಿಐ ಮಾಡ್ಬಿಟ್ಟೆ. ಪೂರ್ತಿ ಕೊಟ್ಬಿಟ್ಟೆ.

ಹನ್ನೊಂದು ದಿನ ಆದ್ಮೇಲೆ ಪಾರ್ಸಲ್ ಬಂತು. ಕೈಗೆ ತಗೊಂಡ ತಕ್ಷಣ ಹಗುರ ಅನ್ನಿಸ್ತು, ಎರಡಡಿ ಸಾಲಿಡ್ ರಾಡ್ ಈ ತೂಕ ಇರಲ್ಲ ಅಂತ ಮನಸ್ಸು ಹೇಳ್ತು, ಆದ್ರೂ ದುಡ್ಡು ಕೊಟ್ಟಾಗಿದೆ ಅಂತ ನಾನೇ ಸಮಾಧಾನ ಮಾಡ್ಕೊಂಡೆ. ಪೂರ್ತಿ ಸಿಲ್ವರ್ ಪೇಂಟ್ ಹೊಡೆದಿದ್ರು. ಭಾನುವಾರ ಬೆಳಿಗ್ಗೆ ಗಾಡಿ ಮುಂದಿನ ಚಕ್ರ ಬಿಚ್ಚಿ, ಫೋರ್ಕ್ ಇಳಿಸಿ, ಮೇಲಿನ ಕ್ಯಾಪ್ ಸ್ಪ್ರಿಂಗ್ ತೆಗೆದು ಆಯಿಲ್ ಚೆಲ್ಲಿ, ಟೂಲ್ ಇಳಿಸ್ದೆ. ತಮ್ಮ ಟಿ ಹ್ಯಾಂಡಲ್ ಹಿಡ್ಕೊಂಡ, ನಾನು ಕೆಳಗೆ ಅಲೆನ್ ಕೀ ಹಾಕಿ ಒತ್ತಿದೆ. ಇಂಪ್ಯಾಕ್ಟ್ ಗನ್ (ಬೋಲ್ಟ್ ಬಿಚ್ಚೋ ಮೆಷಿನ್) ಇಲ್ಲ, ಕೀಗೆ ಪೈಪ್ ಸಿಕ್ಕಿಸಿ ಎಳೀಲಿಲ್ಲ, ಬರೀ ಕೈ. ಎರಡನೇ ಸಲ ಒತ್ತಿದಾಗ ಟಕ್ ಅಂತ ಸದ್ದು ಬಂತು. ಬೋಲ್ಟ್ ಬಂತು ಅಂತ ಖುಷಿ ಆಯ್ತು ನಂಗೆ. ಬೋಲ್ಟ್ ಅಲ್ಲ, ಟೂಲಿನ ತುದಿ ಮುರಿದು ಒಳಗೆ ಉಳ್ಕೊಂಡಿತ್ತು.

ಹೊರಗೆಳೆದು ನೋಡಿದ್ರೆ ಅದು ರಾಡೇ ಅಲ್ಲ, ಪೈಪು. ಅರ ತಗೊಂಡು ಪೇಂಟ್ ಉಜ್ಜಿದೆ, ಕೆಳಗೆ ಜಿಂಕ್ ಕೋಟಿಂಗ್ ಮಿಂಚ್ತು, ಉದ್ದಕ್ಕೂ ಪೈಪಿನ ಜೋಡಣೆ ಗೆರೆ ಕಾಣಿಸ್ತು. ನೀರಿನ ಜಿಐ ಪೈಪ್! ಮನೆ ನಲ್ಲಿಗೆ ಹಾಕ್ತಾರಲ್ಲ ಅದೇ ಪೈಪು. ಅದರ ತುದಿಗೆ ಒಂದು ನಟ್ ಇಟ್ಟು ಮೂರು ಕಡೆ ವೆಲ್ಡಿಂಗ್ ಚುಕ್ಕೆ ಇಟ್ಟಿದ್ದಾನೆ ಅಷ್ಟೇ, ಸುತ್ತ ಓಡಿಸಿಲ್ಲ. ಜಿಂಕ್ ಉಜ್ಜಿ ತೆಗೀದೆ ಅದರ ಮೇಲೇ ವೆಲ್ಡ್ ಮಾಡಿದ್ರೆ ಹಿಡಿಯಲ್ಲ, ತೂತು ತೂತಾಗಿರುತ್ತೆ, ಮುರಿದ ಜಾಗದಲ್ಲಿ ಬ್ರೆಡ್ ಥರ ರಂಧ್ರ ಇತ್ತು. ಆ ಹೊಗೆ ಕುಡಿದ್ರೆ ಚಳಿಜ್ವರ ಬೇರೆ ಬರುತ್ತೆ, ವೆಲ್ಡಿಂಗ್ ಮಾಡೋರಿಗೆಲ್ಲ ಗೊತ್ತಿರೋ ವಿಷ್ಯ ಇದು. ಪೇಂಟ್ ಹೊಡೆದಿದ್ದೇ ಇದನ್ನೆಲ್ಲ ಮುಚ್ಚೋಕೆ. ಅರ ಕೈಯಲ್ಲಿ ಹಿಡ್ಕೊಂಡು ಹಾಗೇ ಕೂತ್ಬಿಟ್ಟೆ, ತಮ್ಮ ಏನೂ ಮಾತಾಡ್ಲಿಲ್ಲ.

ರಾತ್ರಿ ಆ ಫೋಟೋನ ಇಂಟರ್ನೆಟ್ಟಲ್ಲಿ ಹಾಕಿ ಹುಡುಕ್ದೆ. ಯಾರೋ ಫಾರಿನ್‌ನೋರು ಅವರ ಹಳೇ ಗಾಡಿಗೆ ಅಂತ ಮಾಡ್ಕೊಂಡಿದ್ದ ಟೂಲ್ ಅದು! ಇವನ ಕೈಯಲ್ಲಿ ಅಂಥದ್ದೊಂದು ಟೂಲ್ ಯಾವತ್ತೂ ಇರ್ಲೇ ಇಲ್ಲ. ಮೊದಲೇ ಹುಡುಕಿದ್ರೆ ಎರಡು ನಿಮಿಷದ ಕೆಲಸ.

ಈಗ ಅವನ ಉತ್ತರಗಳು ಕೇಳಿ. ಫೋಟೋ, ವಿಡಿಯೋ ಎಲ್ಲ ಕಳಿಸ್ದೆ. ಮೊದಲ ದಿನ "ಅಯ್ಯೋ ಹೌದಾ ಅಣ್ಣಾ, ಚೆಕ್ ಮಾಡ್ತೀನಿ". ಮೂರು ದಿನ ಸುದ್ದಿ ಇಲ್ಲ. ಆಮೇಲೆ "ಇಂಪ್ಯಾಕ್ಟ್ ಹಾಕಿರ್ತೀರ". ಹಾಕಿಲ್ಲಪ್ಪ ಅಂದೆ. "ನಲವತ್ತು ಪೀಸ್ ಕೊಟ್ಟಿದೀನಿ, ಯಾರೂ ಕಂಪ್ಲೇಂಟ್ ಮಾಡಿಲ್ಲ, ನೀವೊಬ್ರೇ". ಜಿಐ ಪೈಪ್ ಯಾಕೆ ಹಾಕ್ದೆ, ಇಎನ್8 ಅಂದಿದ್ಯಲ್ಲ ಅಂತ ಸ್ಕ್ರೀನ್‌ಶಾಟ್ ಸಮೇತ ಕೇಳಿದ್ರೆ ಅಲ್ಲಿಂದ ಅಣ್ಣಾ ಹೋಗಿ ಸಾರ್ ಆಯ್ತು. "ಸಾರ್ ಇದು ಹ್ಯಾಂಡ್‌ಮೇಡ್, ಕಂಪನಿ ಟೂಲ್ ಅಲ್ಲ, ಹ್ಯಾಂಡ್‌ಮೇಡಲ್ಲಿ ಹೆಚ್ಚುಕಮ್ಮಿ ಇರುತ್ತೆ". ದುಡ್ಡು ವಾಪಸ್ ಕೊಡು ಅಂದೆ. ಕೊನೇ ಮೆಸೇಜ್ ಇದು: "ಕೆಲಸ ಬರ್ದೇ ಇದ್ರೆ ಮೆಕ್ಯಾನಿಕ್ ಹತ್ರ ಕೊಡ್ಬೇಕಿತ್ತು ಸಾರ್". ಆಮೇಲೆ ಬ್ಲಾಕ್. 3200 ಹೋಗಿದ್ದಕ್ಕಿಂತ ಈ ಒಂದು ಮಾತು ಇವತ್ತಿಗೂ ಉರಿಸುತ್ತೆ. ಕೆಲಸ ಬರ್ದೇ ಇರೋನು ನಾನಾ?

ಸೀಲ್ ಡ್ರೈವರ್ ಕಥೆ ಬೇರೆ. ಅದೊಂದಾದ್ರೂ ಸರಿ ಇರಬಹುದು ಅಂದ್ಕೊಂಡು ಬಲಗಡೆ ಫೋರ್ಕಿಗೆ ಬಳಸಿದ್ದು ನನ್ನ ತಪ್ಪು, ಒಪ್ಕೋತೀನಿ, ಒಂದು ಸಲ ಮೋಸ ಹೋದ್ಮೇಲೆ ಅವನ ಇನ್ನೊಂದು ಸಾಮಾನು ಮುಟ್ಬಾರ್ದಿತ್ತು. ಆ ಬೋಲ್ಟ್ ಹೆಂಗೋ ಸಲೀಸಾಗಿ ಬಂದಿತ್ತು. ಡ್ರೈವರ್ ಒಳಗಡೆ ಅಂಚು ಉಜ್ಜಿರ್ಲಿಲ್ಲ, ಕೂದಲಿನಷ್ಟು ಕಬ್ಬಿಣ ಎದ್ದಿತ್ತು. ನಾಕು ಸಲ ಕುಟ್ಟಿ ತೆಗೆದು ನೋಡಿದ್ರೆ ಪೈಪಿನ ಕ್ರೋಮ್ ಮೇಲೆ ಉದ್ದಕ್ಕೆ ಗೀರು, ಉಗುರಿಗೆ ಸಿಗುತ್ತೆ. ಸೀಲ್ ಓಡಾಡೋ ಜಾಗದಲ್ಲೇ. ಅಲ್ಲಿ ಗೀರು ಬಿದ್ರೆ ಎಷ್ಟು ಹೊಸ ಸೀಲ್ ಹಾಕಿದ್ರೂ ಸೋರುತ್ತೆ, ಎರಡೇ ದಿನಕ್ಕೆ ಸೋರ್ತು. ಕಂಪನಿಯಿಂದ ಬಂದ ಕ್ರೋಮ್ ಅದು, ಒಂದು ತುಕ್ಕಿನ ಚುಕ್ಕೆ ಇರ್ಲಿಲ್ಲ, ಅಪ್ಪ ಮೂವತ್ತು ವರ್ಷ ಬಟ್ಟೇಲಿ ಒರೆಸಿ ಇಟ್ಟಿದ್ದು.

ಎಡಗಡೆದು ಕೊನೆಗೆ ಹೆಂಗೆ ಬಿಚ್ಚಿದ್ವಿ ಅಂದ್ರೆ, ಪಕ್ಕದ ಬೀದಿ ಲೇತ್ ಮೇಸ್ತ್ರಿ ಹತ್ರ ಹೋದೆ. ಗುಜರಿಯಿಂದ ಗಟ್ಟಿ ರಾಡ್ ತುಂಡು ತಗೊಂಡು ತುದೀನ ಗ್ರೈಂಡರಲ್ಲಿ ನಾಕು ಮೂಲೆ ಬರೋ ಹಾಗೆ ಚೂಪು ಮಾಡಿದ್ರು, ಮೇಲೆ ಅಡ್ಡ ರಾಡ್ ಸುತ್ತ ವೆಲ್ಡಿಂಗ್. ಮುರಿದ ನಟ್ಟನ್ನ ಫೋರ್ಕ್ ತಲೆಕೆಳಗೆ ಮಾಡಿ ಕುಟ್ಟಿ ಉದುರಿಸಿ, ಇದನ್ನ ಇಳಿಸಿ ಮೇಲಿಂದ ಎರಡೇಟು ಹಾಕಿದ್ರೆ ರಾಡ್ ತಲೇಲಿ ಕಚ್ಕೊಂಡು ಕೂತ್ಕೊಂತು, ಬೋಲ್ಟ್ ಬಂತು. 350 ರೂಪಾಯಿ ತಗೊಂಡ್ರು. "ಮೊದಲೇ ಬರೋದಲ್ವೇನಪ್ಪಾ" ಅಂದ್ರು, ನಾನು ಏನೂ ಹೇಳ್ಲಿಲ್ಲ.

ಇನ್ನೊಂದು ವಿಷ್ಯ ಅವರು ಹೇಳಿದ್ದು, ಎಲ್ಲಕ್ಕಿಂತ ಮುಂಚೆ ಫೋರ್ಕ್ ಗಾಡೀಲಿ ಇರೋವಾಗ್ಲೇ, ಸ್ಪ್ರಿಂಗು ಕ್ಯಾಪು ಹಾಗೇ ಇಟ್ಕೊಂಡು ಆ ಅಲೆನ್ ಬೋಲ್ಟ್ ಸಡಿಲ ಮಾಡಿ ನೋಡ್ಬೇಕಂತೆ, ಸ್ಪ್ರಿಂಗ್ ಒತ್ತಿ ಹಿಡ್ದಿರೋದ್ರಿಂದ ರಾಡ್ ತಿರುಗದೇನೂ ಬರಬಹುದು, ಟೂಲೇ ಬೇಡ. ನಾನು ಎಲ್ಲ ಬಿಚ್ಚಿ ಕೂತಿದ್ದೆ. ಸೀಲ್ ಕೂರಿಸೋಕೆ ಸೈಜ್ ಸರಿ ಇರೋ ಪಿವಿಸಿ ಪೈಪ್ ತುಂಡು ಸಾಕು, ಹಳೇ ಸೀಲನ್ನ ಹೊಸದರ ಮೇಲಿಟ್ಟು ಕುಟ್ಟಿ, ಪ್ಲಾಸ್ಟಿಕ್ ಆಗಿರೋದ್ರಿಂದ ಕ್ರೋಮಿಗೆ ಏನೂ ಆಗಲ್ಲ. ಯಾರ ಹತ್ರಾನಾದ್ರೂ ಟೂಲ್ ತಗೊಳ್ಳಲೇಬೇಕು ಅಂದ್ರೆ ತೂಕ ಹಾಕಿದ ವಿಡಿಯೋ ಕೇಳಿ, ಪೇಂಟ್ ಹೊಡೆದಿದ್ರೆ ಬೇಡವೇ ಬೇಡ, ನಂಬಿಕೆ ಇಲ್ವಾ ಅಂತ ಕೇಳಿದ್ರೆ ಇಲ್ಲ ಅನ್ನಿ.

ಅಪ್ಪನಿಗೆ ಗೀರಿನ ವಿಷ್ಯ ಇನ್ನೂ ಹೇಳಿಲ್ಲ. ದಿನಾ ಶೆಡ್ ಹತ್ರ ಬಂದು ನೋಡ್ಕೊಂಡು ಹೋಗ್ತಾರೆ, ನಾನು ಪಾರ್ಟ್ ಬಂದಿಲ್ಲ ಅಂತಿದೀನಿ. ಯಾರ ಹತ್ರಾನಾದ್ರೂ ಆರ್‌ಎಕ್ಸ್ 100ರ ಒರಿಜಿನಲ್ ಬಲಗಡೆ ಫೋರ್ಕ್ ಪೈಪ್, ಬೆಂಡ್ ಇಲ್ದೇ ಇರೋದು, ಕ್ರೋಮ್ ಚೆನ್ನಾಗಿರೋದು ಇದ್ರೆ ಹೇಳಿ. ನಾನೇ ಬಂದು, ಕಣ್ಣಾರೆ ನೋಡಿ, ಕೈಯಲ್ಲೇ ದುಡ್ಡು ಕೊಟ್ಟು ತಗೊಂಡು ಹೋಗ್ತೀನಿ.