ಕಾಲೇಜಿಗೆ ಬರುವ ಡಿಇಐ ಕಾರ್ಯಾಗಾರ: ಬಯೊಡೇಟಾ ಆಟಕ್ಕೆ ಪೂರ್ತಿ ಅಂಕ, ಜಾತಿಯ ಪುಟಕ್ಕೆ ಸೊನ್ನೆ

ಕೊನೆಯ ವರ್ಷದ ಬಿಕಾಂ, ಎಂಬಿಎ, ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೆಲಸದ ಜಾಗದ ವೈವಿಧ್ಯ, ಸಮಾನತೆ, ಒಳಗೊಳ್ಳುವಿಕೆ (ಡಿಇಐ) ಹೇಳಿಕೊಡುವ ಎರಡು ದಿನದ ಕಾರ್ಯಾಗಾರವೊಂದು ಈಗ ಹಾಸನ, ಚಿಕ್ಕಮಗಳೂರಿನ ಕಾಲೇಜುಗಳಿಗೂ ಬರುತ್ತಿದೆ. ನಡೆಸುವುದು ಬೆಂಗಳೂರಿನ ತಂಡ. ತಲೆಗೆ 450 ರೂಪಾಯಿ, ಕನಿಷ್ಠ 50 ಜನ, ಜಿಎಸ್‌ಟಿ ಬೇರೆ, ಇಬ್ಬರು ತರಬೇತುದಾರರ ಊಟ ವಸತಿ ಕಾಲೇಜಿನದು. ಅದಕ್ಕೆ ಸಿಗುವುದು 24 ಪುಟದ ಕನ್ನಡ ಕೈಪಿಡಿ, ಬಯೊಡೇಟಾ ಲಕೋಟೆಗಳು, ಎಂಟು ವಿಡಿಯೊ, ಒಂದು ಸರ್ಟಿಫಿಕೇಟು. ಬ್ಯಾನರ್ ಕೂಡ ಅವರೇ ತರುತ್ತಾರೆ, ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್‌ನ ಫೈಲಿಗೆ ಫೋಟೊ ಬೇಕಲ್ಲ. ಮೊದಲ ದಿನಕ್ಕೆ ಕೊಟ್ಟ ದುಡ್ಡು ದಂಡವಾಗುವುದಿಲ್ಲ. ಎರಡನೇ ದಿನವನ್ನು ಇದ್ದಂತೆಯೇ ಕೊಳ್ಳಬೇಡಿ. ತಿದ್ದಿ ನಡೆಸಲು ಕಾಲೇಜಿನಲ್ಲೇ ಒಬ್ಬಿಬ್ಬರು ಮೇಷ್ಟ್ರು ಸಿಗುತ್ತಾರೆ ಅಂತಾದರೆ ಮಾತ್ರ ಪೂರ್ತಿ ಪ್ಯಾಕೇಜು ತರಿಸಿ.

ಮೊದಲ ದಿನದ ಬಯೊಡೇಟಾ ಆಟವೇ ಇದರ ಜೀವಾಳ. ಆರಾರು ಜನರ ಗುಂಪಿಗೆ ಒಂದೊಂದು ಲಕೋಟೆ. ಒಳಗೆ ಅಕೌಂಟ್ಸ್ ಸಹಾಯಕ ಹುದ್ದೆಗೆ ಬಂದ ಆರು ಅರ್ಜಿ. ಒಬ್ಬಾಕೆಗೆ ಎರಡು ವರ್ಷ ಕೆಲಸದಲ್ಲಿ ಬಿಡುವು ಬಿದ್ದಿದೆ, ಒಬ್ಬ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಒಬ್ಬ ಗಾಲಿಕುರ್ಚಿ ಬಳಸುವವನು, ಒಬ್ಬನ ವಿಳಾಸದಲ್ಲಿ ಅಂಬೇಡ್ಕರ್ ಕಾಲೋನಿ ಅಂತಿದೆ. ಮೊದಲ ಸುತ್ತಿಗೆ ಎಂಟೇ ನಿಮಿಷ: ಯಾವ ಮಾನದಂಡವೂ ಇಲ್ಲದೆ ಇಬ್ಬರನ್ನು ಆರಿಸಬೇಕು. ಎರಡನೇ ಸುತ್ತಿನಲ್ಲಿ ಗುಂಪು ಮೊದಲು ನಾಲ್ಕು ಮಾನದಂಡ ಬರೆದು ನೂರು ಅಂಕವನ್ನು ಹಂಚಬೇಕು, ಲೆಕ್ಕದ ತಂತ್ರಾಂಶ ಟ್ಯಾಲಿಗೆ 40, ಜಿಎಸ್‌ಟಿ ರಿಟರ್ನ್ಸಿಗೆ 30, ಹೀಗೆ. ಹಂಚಿಯಾದ ಮೇಲಷ್ಟೇ ಹೆಸರು, ಫೋಟೊ, ವಿಳಾಸ ತೆಗೆದ ಪ್ರತಿ ಕೈಗೆ ಬರುತ್ತದೆ. ಪ್ರತಿಯೊಬ್ಬರೂ ಒಬ್ಬರ ಹಾಳೆ ಒಬ್ಬರು ನೋಡದೆ ಅಂಕ ಹಾಕಿ, ಆಮೇಲೆ ಚರ್ಚೆ. ಈ ಕ್ರಮ ತಪ್ಪಬಾರದು. ಅಂಕಕ್ಕೆ ಮೊದಲೇ ಚರ್ಚೆ ಶುರುವಾದರೆ ಗುಂಪಿನಲ್ಲಿ ಗಟ್ಟಿ ದನಿಯವನ ಅಭಿಪ್ರಾಯವೇ ಎಲ್ಲರ ಅಂಕವಾಗುತ್ತದೆ. ಎರಡು ಸುತ್ತಿನ ಪಟ್ಟಿಯನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದಾಗ ತರಗತಿಗೆ ಉಪದೇಶ ಬೇಕಾಗುವುದಿಲ್ಲ. ನೇಮಕಾತಿಯಲ್ಲಿ ಮಾನದಂಡ ಮೊದಲು, ಮುಖ ಆಮೇಲೆ ಅನ್ನುವುದು ಕೈಗೆ ಹತ್ತುತ್ತದೆ.

ಆದರೆ ಕಿಟ್ ತಯಾರಿಸಿದವರು ಒಂದು ಕಡೆ ಎಡವಿದ್ದಾರೆ. ಎಲ್ಲ ಗುಂಪಿಗೂ ಒಂದೇ ಲಕೋಟೆ. ಮೂರನೇ ಅರ್ಜಿ ಹತ್ತೂ ಗುಂಪಿನಲ್ಲಿ ಬಿದ್ದುಹೋದರೆ ಅದು ಹೆಸರಿನಿಂದಲೋ, ಅರ್ಜಿಯಲ್ಲೇ ಸತ್ವ ಇಲ್ಲದ್ದರಿಂದಲೋ ಹೇಳಲಾಗದು. ಸಂಶೋಧಕರಾದ ಸುಖದೇವ ಥೋರಟ್ ಮತ್ತು ಪಾಲ್ ಅಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಖಾಸಗಿ ಕಂಪನಿಗಳಿಗೆ ಕಳಿಸಿದ್ದರು. ದಲಿತ ಹೆಸರುಗಳಿಗೂ ಮುಸ್ಲಿಂ ಹೆಸರುಗಳಿಗೂ ಕರೆ ಬರುವ ಸಾಧ್ಯತೆ ಮೇಲ್ಜಾತಿ ಹಿಂದೂ ಹೆಸರುಗಳಿಗಿಂತ ಕಡಿಮೆ ಎಂದು ತೋರಿದ್ದು, ಬದಲಾದದ್ದು ಹೆಸರೊಂದೇ ಆದ್ದರಿಂದ. ಆಟದಲ್ಲೂ ಅದನ್ನೇ ಮಾಡಬೇಕು. ಅರ್ಧ ಗುಂಪುಗಳಿಗೆ ಮೂರನೇ ಅರ್ಜಿಯ ಮೇಲೆ ಒಂದು ಹೆಸರು, ಉಳಿದರ್ಧಕ್ಕೆ ಅದೇ ಅರ್ಜಿಯ ಮೇಲೆ ಇನ್ನೊಂದು. ಎರಡು ಬಗೆಯ ಲಕೋಟೆ, ಮೂಲೆಯಲ್ಲಿ ಪೆನ್ಸಿಲಿನಲ್ಲಿ ಅ, ಆ ಅಂತ ಗುರುತು. ಜೆರಾಕ್ಸ್ ಖರ್ಚು ನೂರು ರೂಪಾಯಿ ದಾಟುವುದಿಲ್ಲ. ಹತ್ತು ಗುಂಪಿನಿಂದ ಏನೂ ಸಾಬೀತಾಗುವುದಿಲ್ಲ ಅನ್ನುವುದನ್ನೂ ವಿದ್ಯಾರ್ಥಿಗಳಿಗೆ ಹೇಳಿಬಿಡಬೇಕು. ಇಲ್ಲದಿದ್ದರೆ ಸಂಖ್ಯಾಶಾಸ್ತ್ರ ಓದಿದ ಹುಡುಗನೊಬ್ಬ ಎದ್ದು ಕೇಳೇ ಕೇಳುತ್ತಾನೆ, ಕೇಳಬೇಕಾದ್ದೂ ಹೌದು.

ಹೆಸರುಗಳ ಆಯ್ಕೆಯೂ ಇಲ್ಲಿಗೆ ಹೊಂದುವುದಿಲ್ಲ. ಲಕೋಟೆಯಲ್ಲಿರುವ ಶರ್ಮ, ಮಿಶ್ರ, ಪಾಸ್ವಾನ್ ಇವೆಲ್ಲ ಉತ್ತರದವರಿಗೆ ತಟ್ಟನೆ ಅರ್ಥವಾಗುವ ಹೆಸರುಗಳು. ಪಾಸ್ವಾನ್ ಅಂದರೆ ಬಿಹಾರದ ಕಡೆಯ ದಲಿತ ಹೆಸರು ಅಂತ ಅರಕಲಗೂಡಿನ ಹುಡುಗಿಗೆ ಹೊಳೆಯುವುದಿಲ್ಲ. ಇಲ್ಲಿ ಜಾತಿಯನ್ನು ಅಳೆಯುವುದು ತಂದೆಯ ಹೆಸರಿನಿಂದ, ಊರಿನಿಂದ, ಓದಿದ ಹಾಸ್ಟೆಲಿನಿಂದ. ಅರ್ಜಿಯಲ್ಲಿ ಈ ಮೂರು ಸಾಲು ಬದಲಿಸಿದರೆ ಸಾಕು.

ಅದೇ ದಿನ ಮಧ್ಯಾಹ್ನದ ಸಂದರ್ಶನದ ಅಭಿನಯವೂ ಚೆನ್ನಾಗಿದೆ. ಐದೇ ಪ್ರಶ್ನೆ, ಎಲ್ಲ ಅಭ್ಯರ್ಥಿಗೂ ಅವೇ, ಅದೇ ಕ್ರಮದಲ್ಲಿ, ಪ್ರತಿ ಉತ್ತರಕ್ಕೂ ಆಗಲೇ ಅಂಕ. ಇದರ ಜೊತೆಗೆ ಅಭ್ಯರ್ಥಿಯ ಕಡೆಯಿಂದಲೂ ತಾಲೀಮು ಉಂಟು. ‘ಮದುವೆ ಆದ್ಮೇಲೆ ಕೆಲಸ ಬಿಡ್ತೀರಾ?’ ಎಂದು ಕೇಳಿದರೆ ಜಗಳಕ್ಕೂ ಹೋಗದೆ, ಮನೆಯ ಕಥೆಯನ್ನೂ ಬಿಚ್ಚದೆ ‘ಈ ಹುದ್ದೆಗೆ ಎಷ್ಟು ವರ್ಷದ ಬದ್ಧತೆ ನಿರೀಕ್ಷಿಸ್ತೀರಿ ಹೇಳಿ, ಅದರ ಬಗ್ಗೆ ಮಾತಾಡೋಣ’ ಅಂತ ಕೆಲಸದ ಕಡೆಗೆ ತಿರುಗಿಸುವುದು. ಮೂವರ ತಂಡ: ಕೇಳುವವರು, ಹೇಳುವವರು, ನೋಡಿ ಬರೆದುಕೊಳ್ಳುವವರು. ಏಳು ನಿಮಿಷಕ್ಕೊಮ್ಮೆ ಪಾತ್ರ ಬದಲು. ಇಷ್ಟು ಒಳ್ಳೆಯ ಭಾಗವನ್ನು ದಿನದ ಕೊನೆಗೆ, ನಾಲ್ಕೂವರೆಯಿಂದ ಐದೂವರೆಗೆ ಇಟ್ಟಿದ್ದಾರೆ. ಆಲೂರು, ಸಕಲೇಶಪುರ ಕಡೆಯ ಹೆಣ್ಣುಮಕ್ಕಳು ನಾಲ್ಕಕ್ಕೇ ಬಸ್ ಹಿಡಿಯಲು ಎದ್ದಿರುತ್ತಾರೆ. ಮದುವೆಯ ಪ್ರಶ್ನೆಗೆ ಉತ್ತರ ಕಲಿಯಲು ಕೊನೆಗೆ ಉಳಿಯುವುದು ಹುಡುಗರು! ಇದನ್ನು ಊಟಕ್ಕೆ ಮೊದಲೇ ಮುಗಿಸಲು ಹೇಳಿ.

ಕೈಪಿಡಿಯ ಕಾನೂನಿನ ಭಾಗದ ಕನ್ನಡ ಸರಳವಾಗಿದೆ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಲೆಕ್ಕಗಳು ಸರಿಯಾಗಿವೆ: ಹತ್ತು ಅಥವಾ ಹೆಚ್ಚು ಜನರಿರುವ ಕಡೆ ದೂರು ವಿಚಾರಿಸುವ ಆಂತರಿಕ ಸಮಿತಿ, ಅಧ್ಯಕ್ಷತೆ ಹಿರಿಯ ಮಹಿಳಾ ಉದ್ಯೋಗಿಯದು, ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರು, ಹೊರಗಿನವರೊಬ್ಬರು. ಘಟನೆಯಾಗಿ ಮೂರು ತಿಂಗಳೊಳಗೆ ದೂರು, ಕಾರಣವಿದ್ದರೆ ಇನ್ನೂ ಮೂರು ತಿಂಗಳ ಅವಕಾಶ, 90 ದಿನದಲ್ಲಿ ವಿಚಾರಣೆ ಮುಗಿಯಬೇಕು. ಟ್ರೈನಿ, ಅಪ್ರೆಂಟಿಸ್‌ಗಳೂ ಇದರ ವ್ಯಾಪ್ತಿಯಲ್ಲಿದ್ದಾರೆ ಅನ್ನುವುದನ್ನು ದಪ್ಪಕ್ಷರದಲ್ಲಿ ಹಾಕಿರುವುದು ಒಳ್ಳೆಯದಾಯಿತು, ಇಂಟರ್ನ್‌ಶಿಪ್‌ಗೆ ಹೊರಟವರು ಮೊದಲು ಕೇಳುವುದೇ ಅದನ್ನು.

ಬಿಟ್ಟುಹೋಗಿರುವುದು ಸ್ಥಳೀಯ ಸಮಿತಿ. ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿ, ಆಡಿಟರ್ ಕಚೇರಿ, ಸಣ್ಣ ತೋಟ, ಅಥವಾ ದೂರು ಮಾಲೀಕನ ಮೇಲೆಯೇ ಇದ್ದರೆ ಹೋಗಬೇಕಾದ್ದು ಜಿಲ್ಲೆಯ ಸ್ಥಳೀಯ ಸಮಿತಿಗೆ. ಕಾಯ್ದೆ ಪ್ರತಿ ಜಿಲ್ಲೆಯಲ್ಲೂ ಅದನ್ನು ರಚಿಸಲು ಹೇಳುತ್ತದೆ. ಹಾಸನದಲ್ಲಿ ಓದಿದವರೆಲ್ಲ ಸೀದಾ ಬೆಂಗಳೂರಿನ ದೊಡ್ಡ ಕಂಪನಿಗೆ ಹೋಗುತ್ತಾರೆಂದು ಬರೆದವರು ಅಂದುಕೊಂಡಂತಿದೆ. ಎಷ್ಟೋ ಜನ ಮೊದಲ ಸಂಬಳ ಎಣಿಸುವುದು ಐದಾರು ಮಂದಿಯ ಕಚೇರಿಯಲ್ಲಿ. ಆಂತರಿಕ ಸಮಿತಿ ರಚಿಸಿದ ಆದೇಶವನ್ನು ಎಲ್ಲರಿಗೂ ಕಾಣುವ ಕಡೆ ಹಚ್ಚಬೇಕೆಂಬ ನಿಯಮವೂ ಕೈಪಿಡಿಯಲ್ಲಿಲ್ಲ. ಇಂಟರ್ನ್‌ಶಿಪ್ ಮೊದಲ ದಿನದ ಮನೆಗೆಲಸವಾಗಿ ‘ಆ ಹಾಳೆ ಗೋಡೆಯ ಮೇಲೆ ಎಲ್ಲಿದೆ, ಅದರಲ್ಲಿ ಯಾರ ಹೆಸರಿದೆ ಬರೆದುಕೊಂಡು ಬನ್ನಿ’ ಎಂದರೆ ಎರಡು ಗಂಟೆಯ ಉಪನ್ಯಾಸಕ್ಕಿಂತ ಹೆಚ್ಚು ತಿಳಿಯುತ್ತದೆ.

ಅಂಗವೈಕಲ್ಯದ ಪುಟದಲ್ಲಿ ನೇರವಾಗಿ ತಪ್ಪೇ ಇದೆ. 2016ರ ಕಾಯ್ದೆಯ ಶೇ 4ರ ಮೀಸಲಾತಿ ಎಲ್ಲ ಕಂಪನಿಗೂ ಅನ್ವಯಿಸುತ್ತದೆ ಎನ್ನುವ ಹಾಗೆ ಬರೆದಿದ್ದಾರೆ. ಅದು ಸರ್ಕಾರಿ ಸಂಸ್ಥೆಗಳ ಹುದ್ದೆಗೆ, ಅದೂ ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯವಿರುವವರಿಗೆ. ಖಾಸಗಿಯವರ ಮೇಲಿರುವ ಹೊಣೆ ಬೇರೆ: ಸಮಾನ ಅವಕಾಶದ ನೀತಿ ಪ್ರಕಟಿಸಬೇಕು, 20 ಅಥವಾ ಹೆಚ್ಚು ಜನರಿದ್ದರೆ ಅದರಲ್ಲಿ ಯಾವ ಹುದ್ದೆಗಳು, ಏನು ಸೌಲಭ್ಯ, ಸಂಪರ್ಕಾಧಿಕಾರಿ ಯಾರು ಎಂದೂ ಹೇಳಬೇಕು. ಸಂದರ್ಶನಕ್ಕೆ ಹೋದ ಹುಡುಗ ‘ನಮಗೆ ಮೀಸಲಾತಿ ಇದೆ’ ಎಂದು ವಾದಿಸಿ ಮುಖಭಂಗವಾಗುವುದಕ್ಕಿಂತ ‘ನಿಮ್ಮ ಸಮಾನ ಅವಕಾಶ ನೀತಿಯ ಪ್ರತಿ ಸಿಗುತ್ತಾ?’ ಎಂದು ಕೇಳುವುದು ಮೇಲು. ಹೆರಿಗೆ ರಜೆಯ 26 ವಾರ, ಅದಕ್ಕೆ ಬೇಕಾದ 80 ದಿನದ ಕೆಲಸ, 50 ಅಥವಾ ಹೆಚ್ಚು ಜನರಿದ್ದರೆ ಶಿಶುಪಾಲನಾ ಕೇಂದ್ರ ಇವು ಸರಿ ಇವೆ. ಲಿಂಗತ್ವ ಅಲ್ಪಸಂಖ್ಯಾತರ ಬಗ್ಗೆ 2019ರ ಕಾಯ್ದೆಯನ್ನು ಹೇಳಿದ್ದಾರೆ, 2021ರಲ್ಲಿ ಕರ್ನಾಟಕ ಸರ್ಕಾರಿ ನೌಕರಿಯಲ್ಲಿ ತಂದ ಶೇ 1ರ ಮೀಸಲಾತಿಯನ್ನು ಮರೆತಿದ್ದಾರೆ.

ಇನ್ನು ಎರಡನೇ ದಿನ. ಎಂಟು ವಿಡಿಯೊದಲ್ಲಿ ನಾಲ್ಕು ಮಹಿಳೆಯರ ಕುರಿತು, ಎರಡು ಅಂಗವೈಕಲ್ಯ, ಒಂದು ಲೈಂಗಿಕ ಅಲ್ಪಸಂಖ್ಯಾತರು, ಒಂದು ತಲೆಮಾರುಗಳ ಅಂತರ. ಹಿರಿಯ ಮ್ಯಾನೇಜರಿಗೆ ವಾಟ್ಸಾಪ್ ಹೇಳಿಕೊಡುವುದಕ್ಕೆ ಹತ್ತು ನಿಮಿಷ ಸಿಕ್ಕಿದೆ. ಧರ್ಮಕ್ಕೆ ವಿಡಿಯೊ ಇಲ್ಲ, ಜಾತಿಗಂತೂ ಕೈಪಿಡಿಯಲ್ಲಿ ಅರ್ಧ ಪುಟ, ಅದೂ ‘ನಾವೆಲ್ಲರೂ ಒಂದೇ’ ಧಾಟಿಯದು. ಕಂಪನಿಗಳಿಗೆಂದು ಮಾಡಿದ ಸರಕನ್ನೇ ಕಾಲೇಜಿಗೆ ಇಳಿಸಿದರೆ ಹೀಗಾಗುತ್ತದೆ. ಈ ಊರುಗಳಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರವೇ ‘ಯಾವೂರು? ಯಾರ ಪೈಕಿ?’ ಶುರುವಾಗುತ್ತದೆ. ಮುಂದಿನದು ಊಟದ ಡಬ್ಬಿ, ಬಾಡಿಗೆ ಮನೆ, ‘ಕೋಟಾದವರು’ ಅನ್ನುವ ಕುಹಕ. ಹೊಸಬರು ಇದಕ್ಕೇನು ಹೇಳಬೇಕು, ಪಕ್ಕದಲ್ಲಿ ಕೂತು ಕೇಳಿಸಿಕೊಂಡವರು ಏನು ಮಾಡಬೇಕು ಅನ್ನುವುದನ್ನು ಅಭಿನಯಿಸಿ ತೋರಿಸಲು 40 ನಿಮಿಷ ಬೇಕು, ತಲೆಮಾರಿನ ವಿಡಿಯೊ ತೆಗೆದರೆ ಅದರಲ್ಲಿ ಸ್ವಲ್ಪ ಅಲ್ಲೇ ಸಿಗುತ್ತದೆ. ಕಾನೂನಿನ ಮಿತಿಯನ್ನೂ ಮುಚ್ಚಿಡಬಾರದು. ಸಂವಿಧಾನದ 16ನೇ ವಿಧಿ ಸರ್ಕಾರಿ ಉದ್ಯೋಗಕ್ಕೆ. ಪರಿಶಿಷ್ಟರನ್ನು ಜಾತಿ ಹಿಡಿದು ಸಾರ್ವಜನಿಕವಾಗಿ ಅವಮಾನಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಆದರೆ ಖಾಸಗಿ ಕಂಪನಿ ಜಾತಿ ನೋಡಿ ಕೆಲಸ ನಿರಾಕರಿಸಿದರೆ ಹಿಡಿಯಲು ಪ್ರತ್ಯೇಕವಾದ ಸಮಗ್ರ ಕಾನೂನು ದೇಶದಲ್ಲಿ ಇಲ್ಲ. ಬಯೊಡೇಟಾ ಆಟ ಯಾಕೆ ಮುಖ್ಯ ಅನ್ನುವುದು ಇಲ್ಲಿ ಬಂದು ಸೇರುತ್ತದೆ.

ಎರಡನೇ ದಿನದ ‘ಹೆಜ್ಜೆ ಆಟ’ವನ್ನು ಇದ್ದಂತೆ ಆಡಿಸಬೇಡಿ. ಎಲ್ಲರೂ ಮೈದಾನದಲ್ಲಿ ಸಾಲಾಗಿ ನಿಲ್ಲುತ್ತಾರೆ. ಮನೆಗೆ ಇಂಗ್ಲಿಷ್ ಪತ್ರಿಕೆ ಬರುತ್ತಿತ್ತೇ, ಒಂದು ಹೆಜ್ಜೆ ಮುಂದೆ. ಓದಲು ಪಂಚಾಯಿತಿ ಬೀದಿದೀಪವೇ ಗತಿಯಾಗಿತ್ತೇ, ಒಂದು ಹೆಜ್ಜೆ ಹಿಂದೆ. ಹದಿನೈದು ಪ್ರಶ್ನೆ ಮುಗಿಯುವಾಗ ಸಮಾಜ ಕಲ್ಯಾಣ ಹಾಸ್ಟೆಲಿನ ಮಕ್ಕಳು ಕಟ್ಟಕಡೆಯ ಸಾಲಿನಲ್ಲಿ ನಿಂತಿರುತ್ತಾರೆ, ಇಡೀ ತರಗತಿ ತಿರುಗಿ ನೋಡುತ್ತದೆ. ಮುಂದಿರುವವರಿಗೆ ಪಾಠವಾಗಲೆಂದು ಹಿಂದಿರುವವರ ಬದುಕನ್ನು ಬಯಲಿಗಿಡುವ ಆಟ ಇದು. ಬದಲಿ ಸುಲಭ: ಹನ್ನೆರಡು ಹೌದು-ಇಲ್ಲ ಪ್ರಶ್ನೆಗಳ ಚೀಟಿ, ಎಲ್ಲರಿಗೂ ಒಂದೇ ಬಣ್ಣದ ಪೆನ್ನು, ಹೆಸರು ಬೇಡ, ಮಡಿಚಿ ಡಬ್ಬಿಗೆ. ಕಲಸಿ ಹಂಚಿದ ಮೇಲೆ ಯಾರು ಯಾರದೋ ಚೀಟಿ ಹಿಡಿದು ನಡೆಯುತ್ತಾರೆ. ತಮ್ಮದೇ ಚೀಟಿ ಕೈಗೆ ಬಂದರೆ ಬಾಯಿಬಿಡಬಾರದು ಎಂದು ಮೊದಲೇ ಹೇಳಿಬಿಡಿ. 25 ನಿಮಿಷದಲ್ಲಿ ಮುಗಿಯುತ್ತದೆ.

ಸ್ಥಳೀಯ ಪ್ರಕರಣಗಳನ್ನು ಕಾಲೇಜೇ ಸೇರಿಸಬೇಕು. ಹಾಸನಕ್ಕೆ ಗಾರ್ಮೆಂಟ್ಸ್: ಹೊಲಿಗೆ ಸಾಲಿನಲ್ಲಿ ಬಹುಪಾಲು ಹೆಂಗಸರು, ಸೂಪರ್‌ವೈಸರ್ ಗಂಡಸು, ಶೌಚಾಲಯಕ್ಕೆ ಹೋಗಿ ಬಂದ ಹೊತ್ತನ್ನೂ ಬರೆದಿಡುವ ಪದ್ಧತಿ. ಎಚ್‌ಆರ್ ಆಗಿ ಸೇರಿದವರು ಉತ್ಪಾದನೆಯ ಗುರಿ ತಪ್ಪದಂತೆ ಇದನ್ನು ಹೇಗೆ ಬದಲಿಸಬೇಕು? ಚಿಕ್ಕಮಗಳೂರಿಗೆ ಕಾಫಿ ತೋಟ: ಕಾರ್ಮಿಕರ ಸಾಲು ಮನೆಯಾದ ಲೈನ್ ಮನೆಯಲ್ಲಿ ಅಸ್ಸಾಂ, ಜಾರ್ಖಂಡ್ ಕಡೆಯ ಕುಟುಂಬಗಳು, ಔಷಧಿ ಸಿಂಪಡಣೆಯ ಎಚ್ಚರಿಕೆ ಫಲಕ ಮಾತ್ರ ಕನ್ನಡ, ಇಂಗ್ಲಿಷಿನಲ್ಲಿ. ಆ ಫಲಕವನ್ನು ಅಕ್ಷರವೇ ಬೇಡದಂತೆ ಐದು ಚಿತ್ರದಲ್ಲಿ ಬರೆಯಿರಿ ಎಂದರೆ ಒಳಗೊಳ್ಳುವಿಕೆ ಅಂದರೇನೆಂದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಮೊದಲ ಕರಡಿನಲ್ಲಿ ತಲೆಬುರುಡೆ ಮಾತ್ರ ಬರುತ್ತದೆ. ಕೈಗವಸು, ಗಾಳಿಯ ದಿಕ್ಕು, ಸಿಂಪಡಿಸಿದ ಜಾಗಕ್ಕೆ ಮತ್ತೆ ಯಾವಾಗ ಕಾಲಿಡಬಹುದು ಇವು ಬರಲು ಎರಡನೇ ಕರಡು ಬೇಕು.

ಪರಿಣಾಮ ಅಳೆಯುವ ಪ್ರಶ್ನಪತ್ರಿಕೆ ದಂಡ. ‘ನಾನು ಎಲ್ಲರನ್ನೂ ಸಮಾನವಾಗಿ ಕಾಣುತ್ತೇನೆ’ ಎಂಬುದಕ್ಕೆ ಕಾರ್ಯಾಗಾರದ ಮೊದಲೂ ಐದಕ್ಕೆ ಐದು, ಆಮೇಲೂ ಐದಕ್ಕೆ ಐದು. ಅದರ ಬದಲು ಒಂದು ಪ್ರಕರಣ ಕೊಟ್ಟು ಯಾರಿಗೆ ದೂರು, ಎಷ್ಟು ದಿನದೊಳಗೆ, ಯಾವ ದಾಖಲೆ ಎಂದು ಮೂರು ಸಾಲು ಬರೆಸಿ. ಹಾಜರಾತಿಗೆ ಆಂತರಿಕ ಅಂಕ ಕಟ್ಟುವ ಯೋಚನೆಯನ್ನೂ ಬಿಡಿ. ಕಡ್ಡಾಯ ತರಬೇತಿ ಕಂಪನಿಗಳಲ್ಲಿ ಎಷ್ಟೋ ಸಲ ತಿರುಗುಬಾಣವಾಗುತ್ತದೆ ಎಂದು ಸಮಾಜಶಾಸ್ತ್ರಜ್ಞರಾದ ಫ್ರಾಂಕ್ ಡಾಬಿನ್, ಅಲೆಕ್ಸಾಂಡ್ರಾ ಕಲೆವ್ 2016ರಲ್ಲೇ ಬರೆದಿದ್ದರು.

ಬುಕ್ ಮಾಡುವ ಮುಂಚೆ ಮೂರು ಮಾತು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ವಿಡಿಯೊಗಳಿಗೆ ಕನ್ನಡ ಉಪಶೀರ್ಷಿಕೆ ಬೇಕು. ಈಗ ಯಾವುದಕ್ಕೂ ಇಲ್ಲ, ಅಂಗವೈಕಲ್ಯದ ಎರಡಕ್ಕೂ ಇಲ್ಲ, ಕಿವಿ ಕೇಳದ ವಿದ್ಯಾರ್ಥಿ ತುಟಿಚಲನೆ ನೋಡುತ್ತ ಕೂರಬೇಕು. ಲಕೋಟೆಯ ಹೆಸರು ಬದಲಿಸಲು ವರ್ಡ್ ಕಡತ ಕೊಡಬೇಕು, ಪಿಡಿಎಫ್ ಅಲ್ಲ. ಮೊದಲ ದಿನ ಮಾತ್ರ ಕೊಂಡರೆ ತಲೆಗೆ 280 ರೂಪಾಯಿ ಅನ್ನುವ ದರ ಅವರ ಪಟ್ಟಿಯಲ್ಲೇ ಇದೆ, ಕೇಳದೆ ಹೇಳುವುದಿಲ್ಲ. ಸಭಾಂಗಣ ಮಾತ್ರ ನೆಲಮಹಡಿಯದೇ ಇರಲಿ. ಲಿಫ್ಟಿಲ್ಲದ ಎರಡನೇ ಮಹಡಿಯ ಸೆಮಿನಾರ್ ಹಾಲಿಗೆ ತರಬೇತುದಾರರು ಚಕಾರವೆತ್ತದೆ ಒಪ್ಪಿಕೊಳ್ಳುತ್ತಾರೆ.