ವರ್ಡಲ್: ಆಟಕ್ಕೆ ನಾಲ್ಕು ಸ್ಟಾರ್, ಆಡದಿರುವುದಕ್ಕೆ ಐದು

ವರ್ಡಲ್, ಸಾಫ್ಟ್‌ವೇರ್ ಎಂಜಿನಿಯರ್ ಜೋಶ್ ವಾರ್ಡಲ್ ತನ್ನ ಸಂಗಾತಿಗೆಂದು ಮಾಡಿದ ಪದ ಊಹಿಸುವ ಆಟ. 2022ರಲ್ಲಿ ನ್ಯೂಯಾರ್ಕ್ ಟೈಮ್ಸ್ ಕೊಂಡಿತು. ಐದಕ್ಷರದ ಇಂಗ್ಲಿಷ್ ಪದ, ಊಹಿಸಲು ಆರು ಅವಕಾಶ. ಅಕ್ಷರ ಸರಿಯಾದ ಜಾಗದಲ್ಲಿದ್ದರೆ ಹಸಿರು ಚೌಕ, ಪದದಲ್ಲಿದ್ದೂ ಜಾಗ ತಪ್ಪಿದ್ದರೆ ಹಳದಿ. ದಿನಕ್ಕೊಂದೇ ಪದ ಅನ್ನುವುದು ನಿಜಕ್ಕೂ ಒಳ್ಳೆ ಗುಣ.

ತೊಂದರೆ ಆಟದ್ದಲ್ಲ, ಆಡುವವರದ್ದು. ಮುಂಬೈನ ಡೊಂಬಿವಲಿ ಲೋಕಲ್ ರೈಲಿನಲ್ಲಿ ಒಂಟಿಕಾಲಲ್ಲಿ ನಿಂತಿದ್ದರೂ ವಾಟ್ಸಾಪ್ ತುಂಬ ಅವರು ಹಂಚಿದ ಹಸಿರು, ಹಳದಿ ಚೌಕ. ಮಾಟುಂಗಾದಲ್ಲಿ ಫಿಲ್ಟರ್ ಕಾಫಿ ಮುಂದಿಟ್ಟುಕೊಂಡು ಭಾವ ಕೇಳುತ್ತಾರೆ, "ನಿಂದು ಎಷ್ಟರಲ್ಲಿ ಆಯ್ತು?"

"ನಾನು ಆಡಲ್ಲ ಭಾವ."

"ಯಾಕೋ, ಹುಷಾರಿಲ್ವಾ?"

ಅಕ್ಕ ಮಾತ್ರ "ಪುಣ್ಯವಂತ" ಅಂದಳು. ಪಾಪ, ಅವಳ ಬೆಳಗಿನ ಉಪ್ಪಿಟ್ಟು ದಿನಾ ಆರಿ ಹೋಗುತ್ತದೆ.

ಬಿಟ್ಟವರಿಗೂ ಲಾಭವಿದೆ. ಎಲ್ಲರೂ ಮೊಬೈಲಿಗೆ ತಲೆ ಬಗ್ಗಿಸಿರುವಾಗ, ಠಾಣೆ ರೈಲು ನಿಲ್ದಾಣದಲ್ಲಿ ಕಿಟಕಿ ಸೀಟು ಖಾಲಿಯಾದದ್ದು ಮೊದಲು ಕಾಣುವುದು ನನಗೇ.